ಡಬ್ಬಿಯಲ್ಲಿದ್ದ ಹನ್ನೆರಡು ತೋಟಾ: ಬಂದೂಕಿನ ನಂಬರುಗಳನ್ನು ಓದುವ ಬಗೆ

ಜಗಳೂರು ಕಡೆಯ ನಮ್ಮ ಸೋದರಮಾವ ತೀರಿಕೊಂಡು ಒಂದು ತಿಂಗಳಾಗಿತ್ತು. ಅತ್ತೆ ಅಟ್ಟದಿಂದ ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ಇಳಿಸಿ ತಂದು, ಪಡಸಾಲೆಯಲ್ಲಿ ಪೇಪರ್ ಹಾಸಿ, ಅದರೊಳಗಿದ್ದದ್ದನ್ನು ಒಂದೊಂದಾಗಿ ತೆಗೆದಿಟ್ಟರು. ಒಟ್ಟು ಹನ್ನೆರಡು ತೋಟಾ. ಐದು ಕೆಂಪು ಪ್ಲಾಸ್ಟಿಕ್ಕಿನವು, ನಾಲ್ಕು ಬಣ್ಣ ಮಾಸಿದ ಕಾಗದದವು, ಎರಡು ಹಸಿರು, ಕೊನೆಯದೊಂದು ಹಳದಿ.

"ಹಂದಿ ಓಡ್ಸಾಕೆ ಅಂತ ಇಟ್ಕಂಡಿದ್ರು ಕಣಪ್ಪಾ. ಇದ್ರಾಗೆ ಯಾವ್ದು ಏನು ಅಂತ ಅವ್ರಿಗೇ ಗೊತ್ತಿತ್ತು, ನಮಿಗೇನ್ ಗೊತ್ತು" ಅಂದರು ಅತ್ತೆ.

ಬಂದೂಕಿನ ಪರವಾನಗಿ ಮಾವನ ಹೆಸರಿನಲ್ಲಿತ್ತು. ಇನ್ನು ಅದನ್ನೂ ತೋಟಾಗಳನ್ನೂ ಠಾಣೆಗೆ ಒಪ್ಪಿಸಬೇಕು. ಒಪ್ಪಿಸುವ ಮುಂಚೆ ಪಟ್ಟಿ ಮಾಡೋಣ ಎಂದು ಮಾವನ ಮಗ ಪೆನ್ನು ಹಿಡಿದು ಕೂತ. ಕೆಂಪು ತೋಟಾದ ಮೇಲೆ 12, 70, 4 ಎಂದಿದೆ. ಕಾಗದದ್ದರ ಮೇಲೆ 12, 65, 6. ಹಸಿರಿನ ಮೇಲೆ 12, 65, ಜೊತೆಗೆ ಎಸ್.ಜಿ. ಎಂಬ ಎರಡಕ್ಷರ. ಹಳದಿಯ ಮೇಲೆ ಬರೀ 20 ಮಾತ್ರ ಓದಲಾಗುತ್ತಿತ್ತು. "ನಾಕಕ್ಕಿಂತ ಆರು ದೊಡ್ಡದಲ್ವಾ ಭಾವ? ಇಪ್ಪತ್ತು ಅಂದ್ರೆ ಇನ್ನೂ ಜೋರಿರಬೇಕು" ಎಂದ.

ಎರಡೂ ತಪ್ಪು. ತಪ್ಪಾಗಿದ್ದು ಅವನೊಬ್ಬನಿಗೇ ಅಲ್ಲ. ಚುನಾವಣೆ ಘೋಷಣೆಯಾದಾಗಲೆಲ್ಲ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಿ ಎಂದು ಆದೇಶ ಬರುತ್ತದೆ. ಆಗ, ಇಲ್ಲವೇ ಹೀಗೆ ಮನೆಯ ಹಿರಿಯರು ಹೋದಾಗ, ಬಂದೂಕು ಮುಟ್ಟಿ ಗೊತ್ತಿಲ್ಲದವರ ಕೈಗೂ ಈ ನಂಬರುಗಳು ಬರುತ್ತವೆ. ಒಂದು ತೋಟಾದ ಮೇಲಿರುವ ಮೂರು ನಂಬರು ಮೂರು ಬೇರೆ ಬೇರೆ ವಿಷಯ ಹೇಳುತ್ತವೆ, ಮತ್ತು ಅವುಗಳಲ್ಲಿ ಎರಡು ತಲೆಕೆಳಗಾಗಿ ಓಡುತ್ತವೆ. ಗೊಂದಲವೆಲ್ಲ ಅಲ್ಲೇ ಇರುವುದು.

ತೋಟಾದ ಹೊಟ್ಟೆಯೊಳಗೆ

ತೋಟಾ, ಕಾಡತೂಸು, ಕಾರ್ಟ್ರಿಡ್ಜ್ ಎಲ್ಲ ಒಂದೇ ವಸ್ತುವಿನ ಹೆಸರು. ರೈಫಲ್ಲಿನ ತೋಟಾದಲ್ಲಿ ಒಂದೇ ಒಂದು ಮೊನಚಾದ ಗುಂಡು ಇರುತ್ತದೆ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿ ಗೀರುಗಳಿದ್ದು, ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತವೆ. ನಮ್ಮ ಕಡೆ ಹೊಲ ಕಾಯಲು, ಮನೆ ಕಾಯಲು ಪರವಾನಗಿ ಪಡೆದು ಇಟ್ಟುಕೊಳ್ಳುವ ಬಂದೂಕುಗಳ ನಳಿಗೆ ಹೆಚ್ಚಾಗಿ ಒಳಗೆ ನುಣುಪು, ನೀರಿನ ಪೈಪಿನ ಹಾಗೆ. ಇವು ಹಾರಿಸುವುದು ಒಂದು ಮುಷ್ಟಿ ಸೀಸದ ಕಾಳುಗಳನ್ನು. ಆ ಕಾಳಿಗೆ ಚರೆ ಎನ್ನುತ್ತಾರೆ.

ಒಂದು ತೋಟಾವನ್ನು ಉದ್ದುದ್ದ ಸೀಳಿದ್ದೀರಿ ಎಂದುಕೊಳ್ಳಿ (ಊಹೆಯಲ್ಲಿ ಮಾತ್ರ, ದಯವಿಟ್ಟು). ತಳದಲ್ಲಿ ಹಿತ್ತಾಳೆಯ ಬಟ್ಟಲು, ಅದರ ನಟ್ಟನಡುವೆ ಗುಂಡಿಯಂಥ ಕೇಪು. ಬಂದೂಕಿನ ಸೂಜಿ ಬಂದು ಗುದ್ದುವುದು ಈ ಕೇಪಿಗೆ. ಅದರ ಮೇಲೆ ಮದ್ದು. ಮದ್ದಿನ ಮೇಲೆ ಬಿರಡೆಯಂಥ ಅಡೆ. ಹಳೆಯವುಗಳಲ್ಲಿ ಉಣ್ಣೆಯ ರೊಟ್ಟು, ಈಗಿನವುಗಳಲ್ಲಿ ಪ್ಲಾಸ್ಟಿಕ್ಕಿನ ಲೋಟ. ಅದರ ಮೇಲೆ ಚರೆ. ಎಲ್ಲಕ್ಕೂ ಮೇಲೆ ಬಾಯಿ ಮಡಚಿ ಮುಚ್ಚಿರುತ್ತಾರೆ. ಕಡಲೆಪುರಿ ಪೊಟ್ಟಣದ ಬಾಯಿ ಮಡಚಿದ ಹಾಗೆ, ಆದರೆ ಆರೋ ಎಂಟೋ ನೆರಿಗೆ ಹಾಕಿ ಅಚ್ಚುಕಟ್ಟಾಗಿ.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಮದ್ದು ಬೀಸುವ ಕಲ್ಲುಗಳ ನೆನಪಿರುತ್ತದೆ. ಹೊಂಡದೊಳಗೆ ಇಟ್ಟ ಆ ನಾಲ್ಕು ಭಾರೀ ಬೀಸುಕಲ್ಲು ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಕರಿಮದ್ದಿನ ಕಾಲದವು. ಕರಿಮದ್ದು ಉರಿದರೆ ಮೋಡದಂತೆ ಹೊಗೆ. 19ನೇ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂತು. ಈಗಿನ ತೋಟಾಗಳಲ್ಲಿರುವುದು ಅದು. ಅದರ ಒತ್ತಡ ಬೇರೆ. ತಾತನ ಕಾಲದ, ಕರಿಮದ್ದಿಗೆಂದೇ ಮಾಡಿದ ನಳಿಗೆಗೆ ಇವತ್ತಿನ ತೋಟಾ ಹಾಕಬಾರದು ಎನ್ನುವುದು ಇದಕ್ಕೇ.

12 ಬೋರ್ ಎಂದರೆ ಹನ್ನೆರಡು ಏನು?

ಹನ್ನೆರಡು ಇಂಚಲ್ಲ, ಹನ್ನೆರಡು ಮಿಲಿಮೀಟರೂ ಅಲ್ಲ. ನೂಲಿನ ಲೆಕ್ಕ ಗೊತ್ತಿರುವ ದಾವಣಗೆರೆಯವರಿಗೆ ಇದನ್ನು ಹೇಳಿಕೊಡುವುದು ಸುಲಭ.

ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಮಿಲ್ಲುಗಳಲ್ಲಿ ದುಡಿದವರು ಈಗಲೂ ಹಳೇ ಬಡಾವಣೆಗಳಲ್ಲಿ ಸಿಗುತ್ತಾರೆ. 20ನೇ ನಂಬರಿನ ನೂಲು ದಪ್ಪವೋ 40ನೇ ನಂಬರಿನದೋ ಎಂದು ಕೇಳಿ ನೋಡಿ. ತಡವರಿಸದೆ, 20ರದ್ದು ದಪ್ಪ, 40ರದ್ದು ನಯ ಎನ್ನುತ್ತಾರೆ. 840 ಗಜ ಉದ್ದದ ಒಂದು ಲಡಿ. ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದು ಆ ನೂಲಿನ ನಂಬರು. 40 ಲಡಿ ಸೇರಿ ಒಂದು ಪೌಂಡ್ ಆಗಬೇಕಾದರೆ ಎಳೆ ತೆಳ್ಳಗಿರಲೇಬೇಕು.

ಬಂದೂಕಿನ ಬೋರ್ ಕೂಡ ಇದೇ ಪೌಂಡಿನ ಲೆಕ್ಕದ್ದು. ನಳಿಗೆಯೊಳಗೆ ಸರಿಯಾಗಿ ಹಿಡಿಸುವ ಗಾತ್ರದ ಸೀಸದ ಉಂಡೆ ಮಾಡಿ. ಅಂಥ ಎಷ್ಟು ಉಂಡೆ ಒಂದು ಪೌಂಡಿಗೆ ಬರುತ್ತವೋ ಅಷ್ಟು ಬೋರ್. ಹನ್ನೆರಡು ಉಂಡೆ ಬಂದರೆ 12 ಬೋರ್, ಇಪ್ಪತ್ತು ಬಂದರೆ 20 ಬೋರ್. ಪೌಂಡೆಂದರೆ 453.6 ಗ್ರಾಂ. ಅದನ್ನು ಹನ್ನೆರಡು ಪಾಲು ಮಾಡಿದರೆ ಒಂದೊಂದು 37.8 ಗ್ರಾಂ; ಅಷ್ಟು ತೂಕದ ಸೀಸದ ಉಂಡೆಯ ಅಡ್ಡಳತೆ ಸುಮಾರು 18.5 ಮಿ.ಮೀ. ಇಪ್ಪತ್ತು ಪಾಲು ಮಾಡಿದರೆ ಉಂಡೆ ಚಿಕ್ಕದು, ನಳಿಗೆಯೂ 15.6 ಮಿ.ಮೀ.ಗೆ ಇಳಿಯುತ್ತದೆ. ನಡುವೆ 16 ಬೋರ್ ಇದೆ, 16.8 ಮಿ.ಮೀ.; 28 ಬೋರ್ ಇನ್ನೂ ಸಣ್ಣ, 14 ಮಿ.ಮೀ.

ಹಾಗಾಗಿ "ಇಪ್ಪತ್ತು ಅಂದ್ರೆ ಜೋರು" ಎಂದ ಮಾವನ ಮಗನ ಮಾತು ಉಲ್ಟಾ. ಮೋಟರ್ ರಿವೈಂಡಿಂಗ್ ಅಂಗಡಿಯವರಿಗೂ ಇದು ಹೊಸತಲ್ಲ. ತಾಮ್ರದ ತಂತಿಯ ಗೇಜ್ ಏರಿದಂತೆ ತಂತಿ ತೆಳುವಾಗುತ್ತದೆ.

ಒಂದಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. 410 ಎನ್ನುವ ಸಣ್ಣ ಬಂದೂಕಿನ ಹೆಸರು ನೇರ ಅಳತೆಯದು, 0.410 ಇಂಚು, ಅಂದರೆ 10.4 ಮಿ.ಮೀ. ಪೌಂಡಿನ ಲೆಕ್ಕ ಹಾಕಿದ್ದರೆ ಅದು ಸುಮಾರು 68 ಬೋರ್ ಆಗುತ್ತಿತ್ತು. ಹಿಂದೆ ಪೊಲೀಸರ ಕೈಯಲ್ಲಿ ಕಾಣುತ್ತಿದ್ದ 410 ಮಸ್ಕೆಟ್ಟಿನ ಹೆಸರು ಬಂದದ್ದೂ ಇಲ್ಲಿಂದಲೇ.

65, 70: ಕಣ್ಣಿಗೆ ಮೋಸ ಮಾಡುವ ಉದ್ದ

ಎರಡನೇ ನಂಬರು ತೋಟಾದ ಉದ್ದ. ಇದು ತಲೆಕೆಳಗಿನ ಲೆಕ್ಕವಲ್ಲ, ಮಿಲಿಮೀಟರು ಅಂದರೆ ಮಿಲಿಮೀಟರೇ. 65 ಎಂದರೆ ಎರಡೂವರೆ ಇಂಚು, 70 ಎಂದರೆ ಎರಡೂಮುಕ್ಕಾಲು, 76 ಎಂದರೆ ಮೂರು.

ಆದರೆ ಅಲ್ಲೇ ಒಂದು ಮರ್ಮವಿದೆ. ನಾನು ಸ್ಕೇಲ್ ತಂದು ಕೆಂಪು ತೋಟಾವನ್ನು ಅಳೆದೆ. 70 ಎಂದು ಬರೆದಿದ್ದರೂ 60ರ ಹತ್ತಿರ ಹತ್ತಿರ ಬಂತು. ಅಚ್ಚು ತಪ್ಪಾಗಿಲ್ಲ. ಆ 70 ಎನ್ನುವುದು ಹಾರಿಸಿದ ಮೇಲಿನ, ಬಾಯಿಯ ಮಡಿಕೆ ಪೂರ್ತಿ ಬಿಚ್ಚಿಕೊಂಡ ಮೇಲಿನ ಉದ್ದ.

ಬಂದೂಕಿನಲ್ಲಿ ತೋಟಾ ಕೂರುವ ಗೂಡಿಗೆ ಚೇಂಬರ್ ಎನ್ನುತ್ತಾರೆ. ಚೇಂಬರ್ ಮುಗಿದ ಕೂಡಲೇ ನಳಿಗೆ ಸ್ವಲ್ಪ ಕಿರಿದಾಗುತ್ತದೆ. 65ರ ಚೇಂಬರಿಗೆ 70ರ ತೋಟಾ ಹಾಕಿ ನೋಡಿ, ಸಲೀಸಾಗಿ ಹೋಗುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ. ಹೊಂದಿತು ಎಂದೇ ಯಾರಿಗಾದರೂ ಅನಿಸುತ್ತದೆ. ಕುದುರೆ ಎಳೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ಮಡಿಕೆ ಆ ಕಿರಿದಾದ ಜಾಗಕ್ಕೆ ಹೋಗಿ ಒತ್ತುತ್ತದೆ. ಸಣ್ಣ ಕೋಣೆಯ ಬಾಗಿಲು ತೆರೆಯುವಾಗ ಎದುರಿನ ಮಂಚಕ್ಕೆ ತಾಗಿ ಅರ್ಧಕ್ಕೇ ನಿಂತ ಹಾಗೆ. ಚರೆ ಹೊರಡುವ ದಾರಿ ಕಿರಿದಾಗಿ ಹಿಂದೆ ಒತ್ತಡ ಏರುತ್ತದೆ. ಹಳೇ ಬಂದೂಕು ಒಂದೆರಡು ಸಲ ತಡೆದುಕೊಳ್ಳಲೂಬಹುದು. ತಡೆದುಕೊಂಡಿದ್ದನ್ನೇ ನಂಬಿ ಜನ ಮತ್ತೆ ಮತ್ತೆ ಹಾಕುತ್ತಾರೆ.

ಚೇಂಬರ್ ಎಷ್ಟುದ್ದ ಎಂದು ಬಂದೂಕಿನ ಮೇಲೇ ಕೆತ್ತಿರುತ್ತದೆ. ಬಂದೂಕು ಮುರಿದಾಗ, ಅಂದರೆ ತೋಟಾ ತುಂಬಲು ಬಗ್ಗಿಸಿ ತೆರೆದಾಗ, ನಳಿಗೆಯ ಹಿಂಬದಿಯ ಅಡಿಭಾಗದಲ್ಲಿ ಸಣ್ಣ ಮುದ್ರೆಗಳ ನಡುವೆ ಕಾಣುತ್ತದೆ. ಮಾವನ ಬಂದೂಕಿನಲ್ಲಿ ಎಣ್ಣೆಜಿಡ್ಡು ಒರೆಸಿ, ಮೊಬೈಲ್ ಟಾರ್ಚು ಬಿಟ್ಟು ನೋಡಿದರೆ ಎರಡೂವರೆ ಇಂಚು ಎಂದಿತ್ತು. ಡಬ್ಬಿಯಲ್ಲಿದ್ದ ಐದು ಕೆಂಪು ತೋಟಾ ಅಲ್ಲಿಗೇ ಲೆಕ್ಕದಿಂದ ಹೊರಗೆ ಹೋದವು.

ನಂಬರು ಏರಿದರೆ ಚರೆ ಇಳಿಯುತ್ತದೆ

ಮೂರನೆಯದು ಚರೆಯ ನಂಬರು. ಇದೂ ನೂಲಿನ ಜಾಯಮಾನದ್ದೇ. ನಂಬರು ದೊಡ್ಡದಾದಷ್ಟೂ ಕಾಳು ಸಣ್ಣ. ನಮ್ಮಲ್ಲಿ ನಡೆಯುವುದು ಬ್ರಿಟಿಷರ ಕಾಲದಿಂದ ಬಂದ ಪಟ್ಟಿ. ಆ ಪಟ್ಟಿಯಲ್ಲಿ ಪ್ರತಿ ಗಾತ್ರದ ಚರೆ ಒಂದು ಔನ್ಸಿಗೆ ಎಷ್ಟು ಬರುತ್ತದೆ ಎಂದು ಹೇಳಿರುತ್ತದೆ. ಔನ್ಸ್ ಎಂದರೆ 28.35 ಗ್ರಾಂ, ಚಿನ್ನದಂಗಡಿಯ ಹಳೇ ಭಾಷೆಯಲ್ಲಿ ಎರಡೂವರೆ ತೊಲಕ್ಕೆ ಸ್ವಲ್ಪ ಕಡಿಮೆ.

ಪಟ್ಟಿಯನ್ನು ಅಡುಗೆಮನೆಯ ಡಬ್ಬಿಗಳ ಸಾಲಿನಂತೆ ನೋಡಬಹುದು. 9ನೇ ನಂಬರಿನ ಚರೆ 2 ಮಿ.ಮೀ., ಸಾಸಿವೆ ಕಾಳಿನಷ್ಟು, ಔನ್ಸಿಗೆ 580. 6ನೇ ನಂಬರು 2.6 ಮಿ.ಮೀ., ದಪ್ಪ ಸಾಸಿವೆ ಎನ್ನಿ, ಔನ್ಸಿಗೆ 270. 4ನೇ ನಂಬರು 3.1 ಮಿ.ಮೀ., 170. 1ನೇ ನಂಬರು 3.6 ಮಿ.ಮೀ., ಔನ್ಸಿಗೆ ನೂರು. 1 ಮುಗಿದ ಮೇಲೆ ಅಂಕಿಗಳು ಖಾಲಿ, ಅಕ್ಷರಗಳು ಶುರು. ಬಿ.ಬಿ. 4.1 ಮಿ.ಮೀ., ಹೆಚ್ಚುಕಡಿಮೆ ಬಿಳಿಜೋಳದ ಕಾಳು, 70. ಎ.ಎ.ಎ. 5.2 ಮಿ.ಮೀ., ಕಾಳುಮೆಣಸು, 35. ಆಮೇಲೆ ಒಂದೇ ನೆಗೆತಕ್ಕೆ ಎಸ್.ಜಿ. 8.4 ಮಿ.ಮೀ., ದಪ್ಪ ಬಟಾಣಿಯಷ್ಟು, ಔನ್ಸಿಗೆ ಎಂಟೇ ಎಂಟು. ಎಲ್.ಜಿ. ಅದಕ್ಕಿಂತ ದೊಡ್ಡದು, 9.1 ಮಿ.ಮೀ., ಔನ್ಸಿಗೆ ಆರು.

6ನೇ ನಂಬರು ಮತ್ತು ಎ.ಎ.ಎ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಡ್ಡಳತೆ 2.6 ಮತ್ತು 5.2, ಅಂದರೆ ಬರೀ ಎರಡು ಪಟ್ಟು. ಔನ್ಸಿನ ಲೆಕ್ಕ ಮಾತ್ರ 270ರಿಂದ 35ಕ್ಕೆ ಬಿದ್ದಿದೆ, ಸರಿಸುಮಾರು ಎಂಟು ಪಟ್ಟು. ಉಂಡೆ ಉದ್ದ, ಅಗಲ, ಎತ್ತರ ಮೂರೂ ಕಡೆ ಬೆಳೆಯುವುದರಿಂದ ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು. ಒಂದೇ ಸೇರಿನಲ್ಲಿ ಸಾಸಿವೆ ಅಳೆಯುವುದಕ್ಕೂ ಕಡಲೆ ಅಳೆಯುವುದಕ್ಕೂ ಇರುವ ವ್ಯತ್ಯಾಸ ಇದೇ. ಸೇರು ಅದೇ, ಎಣಿಕೆ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಇಂಟರ್ನೆಟ್ಟಿನಲ್ಲಿ ಹುಡುಕುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಅಲ್ಲಿ ಮೊದಲು ಸಿಗುವುದು ಅಮೆರಿಕದ ಪಟ್ಟಿ. ಅವರ 6ನೇ ನಂಬರಿನ ಚರೆ 2.8 ಮಿ.ಮೀ., ಔನ್ಸಿಗೆ 225ರಷ್ಟು. ಬ್ರಿಟಿಷ್ ಪಟ್ಟಿಯಲ್ಲಿ ಅದು 5ನೇ ನಂಬರಿನ ಅಳತೆ. ನಮ್ಮ ಎಸ್.ಜಿ.ಯನ್ನು ಅವರು ಡಬಲ್ ಝೀರೋ ಎನ್ನುತ್ತಾರೆ. ಅಮೆರಿಕದ ಪಟ್ಟಿಗೊಂದು ಸುಲಭ ಸೂತ್ರವೂ ಇದೆ: 17ರಲ್ಲಿ ನಂಬರನ್ನು ಕಳೆದರೆ ಉಳಿಯುವುದು ಇಂಚಿನ ನೂರನೇ ಭಾಗದಲ್ಲಿ ಚರೆಯ ಅಡ್ಡಳತೆ. 6 ಕಳೆದರೆ 11, ಅಂದರೆ 0.11 ಇಂಚು. ನಂಬರು ಏರಿದಂತೆ ಚರೆ ಯಾಕೆ ಇಳಿಯುತ್ತದೆ ಎನ್ನುವುದು ಆ ಕಳೆಯುವ ಲೆಕ್ಕದಲ್ಲೇ ಕಾಣುತ್ತದೆ. ನಂಬರಿನ ಜೊತೆ ಮಿಲಿಮೀಟರೂ ಬರೆದಿದ್ದರೆ ಅದನ್ನೇ ನಂಬಿ, ಅದಕ್ಕೆ ದೇಶಭೇದವಿಲ್ಲ.

ಇಷ್ಟು ದುಂಡಗೆ ಹೇಗೆ ಮಾಡುತ್ತಾರೆ ಎಂದು ಮಾವನ ಮಗ ಕೇಳಿದ. ಇದಕ್ಕೆ ಉತ್ತರ ಮಿಠಾಯಿ ಅಂಗಡಿಯಲ್ಲಿದೆ. ಬೂಂದಿ ಮಾಡುವವರು ತೂತಿನ ಜಾಲರಿಯ ಮೇಲೆ ಹಿಟ್ಟು ಸುರಿದು ಎಣ್ಣೆಗೆ ಬೀಳಿಸುತ್ತಾರಲ್ಲ, ಹಾಗೆಯೇ ಕರಗಿದ ಸೀಸವನ್ನು ಎತ್ತರದ ಗೋಪುರದ ಮೇಲಿಂದ ಜಾಲರಿಯ ಮೂಲಕ ಕೆಳಗಿನ ನೀರಿಗೆ ಬಿಡುವ ವಿಧಾನಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದ. ಮಳೆಹನಿಯಂತೆ ಬೀಳುತ್ತಾ ಬೀಳುತ್ತಾ ಸೀಸ ತಾನಾಗಿ ದುಂಡಗಾಗಿ, ಗಟ್ಟಿಯಾಗಿ, ನೀರಿಗೆ ಬಿದ್ದು ತಣಿಯುತ್ತದೆ. ಜಾಲರಿಯ ತೂತು ಬದಲಿಸಿದರೆ ನಂಬರು ಬದಲಾಗುತ್ತದೆ.

ಒಂದು ತೋಟಾದಲ್ಲಿ ಎಷ್ಟು ಚರೆ?

ಔನ್ಸಿಗೆ ಇಷ್ಟು ಎನ್ನುವುದು ಸಿಕ್ಕರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ, ಆ ತೋಟಾದಲ್ಲಿ ಎಷ್ಟು ಗ್ರಾಂ ಚರೆ ತುಂಬಿದ್ದಾರೆ ಎನ್ನುವುದು. ಇದನ್ನು ಹೊರಮೈ ಮೇಲೋ ಪೆಟ್ಟಿಗೆಯ ಮೇಲೋ ಬರೆದಿರುತ್ತಾರೆ. 65ರ 12 ಬೋರ್ ತೋಟಾದಲ್ಲಿ ಸಾಮಾನ್ಯವಾಗಿ 30 ಗ್ರಾಂ ಆಸುಪಾಸು.

ಗ್ರಾಮನ್ನು 28.35ರಿಂದ ಭಾಗಿಸಿ, ಔನ್ಸಿನ ಎಣಿಕೆಯಿಂದ ಗುಣಿಸಿ. 30 ಗ್ರಾಂ, 6ನೇ ನಂಬರು: ಸುಮಾರು 286 ಚರೆ. ಅದೇ 30 ಗ್ರಾಂ, 4ನೇ ನಂಬರು: 180. ಬಿ.ಬಿ. ಆದರೆ 74, ಎ.ಎ.ಎ. ಆದರೆ 37. ಎಸ್.ಜಿ. ಲೆಕ್ಕದಲ್ಲಿ ಎಂಟೂವರೆ ಬರುತ್ತದೆ. ಅರ್ಧ ಚರೆ ಹಾಕಲಾಗದು, ಹಾಗಾಗಿ ಒಂಬತ್ತು ಜೋಡಿಸುವುದು ರೂಢಿ. ಮೂರು ಮೂರರಂತೆ ಮೂರು ಸಾಲು.

ಅದೇ 6ನೇ ನಂಬರನ್ನು 36 ಗ್ರಾಮಿನ ತೋಟಾದಲ್ಲಿ ತುಂಬಿದರೆ 343 ಆಗುತ್ತದೆ, 24 ಗ್ರಾಮಿಗೆ 229. ಆದ್ದರಿಂದ "ಆರನೇ ನಂಬರಿನ ತೋಟಾದಲ್ಲಿ ಎಷ್ಟು ಚರೆ?" ಎನ್ನುವ ಪ್ರಶ್ನೆಗೆ ತೂಕ ಕೇಳದೆ ಉತ್ತರ ಹೇಳುವವರು ಅಂದಾಜು ಹೊಡೆಯುತ್ತಿದ್ದಾರೆ ಎಂದೇ ಅರ್ಥ. 24 ಗ್ರಾಂ ಎನ್ನುವುದು ಕ್ರೀಡೆಯ ಅಳತೆ. ಒಲಿಂಪಿಕ್ಸ್‌ನಲ್ಲಿ ಹಾರುವ ಮಣ್ಣಿನ ತಟ್ಟೆ ಹೊಡೆಯುವ ಸ್ಪರ್ಧೆಗಳಲ್ಲಿ ತೋಟಾಗೆ 24 ಗ್ರಾಂ ಚರೆಯ ಮಿತಿ, ಚರೆಯ ಅಡ್ಡಳತೆಯೂ 2.6 ಮಿ.ಮೀ. ಮೀರುವಂತಿಲ್ಲ. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್ ಇದೇ ಜಾತಿಯ ಸ್ಪರ್ಧೆ.

ಪೇಪರಿನಲ್ಲಿ "ಮೈಯಲ್ಲಿ ಹತ್ತಾರು ಗುಂಡು ಹೊಕ್ಕಿದ್ದವು" ಎಂದು ಓದಿದಾಗ ಹತ್ತಾರು ಸಲ ಹಾರಿಸಿದರೇನೋ ಅನಿಸುತ್ತದೆ. ಒಂದೇ ಈಡು ಆಗಿರಬಹುದು. ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಚುಕ್ಕೆಗಳು ಚರೆ. ಅವು ಎಷ್ಟು ಎನ್ನುವುದರ ಮೇಲೆ ಎಷ್ಟು ಸಲ ಹಾರಿತು ಎಂದು ಹೇಳಲಾಗದು.

ಚರೆ ಹರಡುವುದು, ದೂರ ಹೋಗುವುದು

286 ಚರೆಯೂ ಒಂದೇ ಕಡೆ ಹೋಗುವುದಿಲ್ಲ. ನಳಿಗೆ ಬಿಟ್ಟ ಮೇಲೆ ಹರಡುತ್ತಾ ಹೋಗುತ್ತವೆ. ಅಡಿಕೆ ತೋಟಕ್ಕೆ ಪೈಪಿನಲ್ಲಿ ನೀರು ಬಿಡುವವರು ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿಯುತ್ತಾರಲ್ಲ, ಬಂದೂಕಿನ ನಳಿಗೆಯ ತುದಿಯನ್ನೂ ಹಾಗೇ ಒಂಚೂರು ಕಿರಿದು ಮಾಡಿರುತ್ತಾರೆ. ಇದಕ್ಕೆ ಚೋಕ್ ಎನ್ನುತ್ತಾರೆ. ಕಿರಿದಾದಷ್ಟೂ ಚರೆ ಒತ್ತಾಗಿ ಹೋಗುತ್ತದೆ. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಒಂದು ನಳಿಗೆ ಹೆಚ್ಚು ಬಿಗಿ, ಇನ್ನೊಂದು ಸಡಿಲ.

ಅಳೆಯುವ ಕ್ರಮ ಹೀಗೆ. 40 ಗಜ ದೂರದಲ್ಲಿ 30 ಇಂಚು ಅಗಲದ ವೃತ್ತ. ಅದರೊಳಗೆ ನೂರಕ್ಕೆ ಎಷ್ಟು ಚರೆ ಬಿತ್ತು? ಚೋಕ್ ಇಲ್ಲದ ನೇರ ನಳಿಗೆಗೆ 40, ಅರ್ಧ ಚೋಕಿಗೆ 60, ಪೂರ್ತಿ ಚೋಕಿಗೆ 70 ಎನ್ನುವುದು ರೂಢಿಯ ಅಂಕಿ. ಮೇಲಿನ 6ನೇ ನಂಬರಿನ ತೋಟಾವನ್ನೇ ತೆಗೆದುಕೊಂಡರೆ ಪೂರ್ತಿ ಚೋಕಿನಲ್ಲಿ ಸುಮಾರು 200 ಚರೆ ವೃತ್ತದೊಳಗೆ, 86 ಹೊರಗೆ. ನೇರ ನಳಿಗೆಯಲ್ಲಾದರೆ ಒಳಗೆ 114, ಹೊರಗೆ 172.

ಆ ಹೊರಗೆ ಹೋದವು ಎಲ್ಲಿಗೆ ಹೋಗುತ್ತವೆ? ಚರೆ ಎಷ್ಟು ದೂರ ಹಾರಬಲ್ಲದು ಎಂಬುದಕ್ಕೆ ಒಂದು ಸ್ಥೂಲ ಲೆಕ್ಕವಿದೆ: ಇಂಚಿನಲ್ಲಿ ಅದರ ಅಡ್ಡಳತೆಯನ್ನು 2200ರಿಂದ ಗುಣಿಸಿದರೆ ಗಜದಲ್ಲಿ ದೂರ. 6ನೇ ನಂಬರಿನದು ಸುಮಾರು 225 ಗಜ, ಅಂದರೆ 200 ಮೀಟರಿಗೂ ಸ್ವಲ್ಪ ಹೆಚ್ಚು. ಎಸ್.ಜಿ. 726 ಗಜ, 660 ಮೀಟರಿನ ಮೇಲೆ. ಆಳೆತ್ತರ ಬೆಳೆದ ಮೆಕ್ಕೆಜೋಳದ ಹೊಲದಲ್ಲಿ ಕತ್ತಲಲ್ಲಿ ಸದ್ದು ಬಂದ ಕಡೆ ಹಾರಿಸಿದರೆ, ಆಚೆ ಹೊಲದ ಅಟ್ಟಣೆಯಲ್ಲಿ ಮಲಗಿದವನು ಈ 660 ಮೀಟರಿನೊಳಗೇ ಇರುತ್ತಾನೆ.

ಆ ಹಳದಿ ತೋಟಾ

ಇನ್ನು ಪೇಪರಿನ ಅಂಚಿನಲ್ಲಿ ಒಂಟಿಯಾಗಿ ಬಿದ್ದಿದ್ದ ಹಳದಿಯ ವಿಷಯ. 20 ಬೋರಿನದು. ನೋಡಲು ಉಳಿದವುಗಳಿಗಿಂತ ಸ್ವಲ್ಪ ಸಪೂರ, ಅಷ್ಟೇ. ಮಾವನ ಬಂದೂಕು 12 ಬೋರಿನದು. ಡಬ್ಬಿಗೆ ಇದು ಹೇಗೆ ಸೇರಿತೋ ಅತ್ತೆಗೂ ತಿಳಿಯದು.

ಡಬ್ಬಿಯಲ್ಲಿದ್ದ ಹನ್ನೆರಡರಲ್ಲಿ ಎಲ್ಲಕ್ಕಿಂತ ಅಪಾಯದ್ದು ಇದೇ. 12 ಬೋರಿನ ಚೇಂಬರಿಗೆ 20 ಬೋರಿನ ತೋಟಾ ಹಾಕಿದರೆ ಅದು ಅಲ್ಲಿ ನಿಲ್ಲುವುದಿಲ್ಲ, ಜಾರಿ ಒಳಕ್ಕೆ ಹೋಗುತ್ತದೆ. ಪೂರ್ತಿ ಆಚೆ ಬಿದ್ದುಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಅದರ ತಳದ ಹಿತ್ತಾಳೆಯ ಅಂಚು ನಳಿಗೆ ಕಿರಿದಾಗುವ ಜಾಗದಲ್ಲಿ ಸಿಕ್ಕಿಕೊಂಡು ಕೂತುಬಿಡುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. ಹಾರಿಸಿದರೆ ಸೂಜಿಗೆ ಏನೂ ಸಿಗದೆ ಟಕ್ ಎಂಬ ಸದ್ದಷ್ಟೇ. ತೋಟಾ ಹಾಕಿದ್ದೇ ಮರೆತೆನೇನೋ ಎಂದುಕೊಂಡು ಅವಸರದಲ್ಲಿ 12 ಬೋರಿನ ತೋಟಾ ತುರುಕುತ್ತಾರೆ, ಅದಕ್ಕೂ ಜಾಗವಿರುತ್ತದೆ. ಈಗ ಹಾರಿಸಿದರೆ ಮುಂದೆ ಬಿರಡೆ ಬಡಿದ ನಳಿಗೆ, ಅದರಲ್ಲೂ ಆ ಬಿರಡೆಯೇ ಇನ್ನೊಂದು ಜೀವಂತ ತೋಟಾ. ನಳಿಗೆ ಸೀಳುವುದು ಎಡಗೈ ಹಿಡಿದಿರುವ ಜಾಗದಲ್ಲೇ.

ಈ ಅನಾಹುತ ತಪ್ಪಿಸಲೆಂದೇ 20 ಬೋರ್ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವ ಪದ್ಧತಿ ಬಂದದ್ದು. ಹಳದಿ ಕಂಡರೆ 20 ಎಂದು ಬಗೆದು ತೆಗೆದಿಡಬೇಕು. ಉಳಿದ ಬಣ್ಣಗಳಿಗೆ ಇಂಥ ಅರ್ಥವೇನಿಲ್ಲ. ಕೆಂಪು, ಹಸಿರು, ನೀಲಿ ತಯಾರಕರ ಇಷ್ಟ. ಬಣ್ಣ ಅಳಿಸಿಹೋದರೆ ಹಿತ್ತಾಳೆಯ ತಳ ತಿರುಗಿಸಿ ನೋಡಿ, ಬೋರ್ ಅಲ್ಲಿ ಒತ್ತಿರುತ್ತದೆ. ನಮ್ಮ ಕಾಗದದ ತೋಟಾಗಳ ತಳದಲ್ಲಿ 12ರ ಜೊತೆ ಕೆ.ಎಫ್. ಎಂದೂ ಇತ್ತು. ಪುಣೆಯ ಖಡ್ಕಿಯಲ್ಲಿರುವ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ಗುರುತು ಅದು. ಬ್ರಿಟಿಷರು ಖಡ್ಕಿಯನ್ನು ಕಿರ್ಕಿ ಎಂದು ಬರೆಯುತ್ತಿದ್ದರು, ಆ ಕಿರ್ಕಿಯ ಕೆ ಅಲ್ಲಿ ಉಳಿದಿದೆ.

ಆ ಕಾಗದದವನ್ನು ಬೆರಳಲ್ಲಿ ಹಿಡಿದಾಗ ಒಂದು ಮಗ್ಗುಲು ಉಬ್ಬಿದ್ದು ಗೊತ್ತಾಗುತ್ತಿತ್ತು. ಅಟ್ಟದ ಮೇಲೆ ಎಷ್ಟೋ ಮಳೆಗಾಲ ಕಳೆದಿವೆ. ತೇವ ಕುಡಿದ ತೋಟಾ ಚೇಂಬರಿನಲ್ಲಿ ಸಿಕ್ಕಿಕೊಳ್ಳಬಹುದು, ಹಾರದೇ ಇರಬಹುದು, ಕೆಲವೊಮ್ಮೆ ಒಂದು ಗಳಿಗೆ ತಡವಾಗಿ ಹಾರಬಹುದು. ಕೊನೆಯದು ಕೆಟ್ಟದ್ದು, ಏಕೆಂದರೆ ಅಷ್ಟರಲ್ಲಿ ಬಂದೂಕು ಮುರಿದು ಕಣ್ಣು ಹತ್ತಿರ ಒಯ್ದಿರುತ್ತಾರೆ.

ಕಾನೂನಿನ ಮಾತು, ಚುಟುಕಾಗಿ

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಹೇಗೋ ತೋಟಾಗೂ ಹಾಗೆಯೇ ಅನ್ವಯ. ಬಂದೂಕಿಲ್ಲದ ಮನೆಯಲ್ಲಿ ಒಂದೇ ಒಂದು ಜೀವಂತ ತೋಟಾ ಇದ್ದರೂ ಪರವಾನಗಿ ಇಲ್ಲದಿದ್ದರೆ ಅಪರಾಧ. ಪರವಾನಗಿಯಲ್ಲಿ ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಎರಡು ಅಂಕಿ ನಮೂದಾಗಿರುತ್ತವೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷ. ಅದೇ ತಿದ್ದುಪಡಿಯಲ್ಲಿ ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಬೇಕಾಬಿಟ್ಟಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದಾಗಿದೆ.

ಪರವಾನಗಿದಾರ ತೀರಿಕೊಂಡರೆ ಮನೆಯವರು ಅನಗತ್ಯವಾಗಿ ತಡಮಾಡದೆ ಬಂದೂಕು, ತೋಟಾ ಎರಡನ್ನೂ ಹತ್ತಿರದ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರರಿಗೆ ಬೇಕಿದ್ದರೆ ತಮ್ಮ ಹೆಸರಿಗೆ ಪರವಾನಗಿ ಪಡೆದು ಆಮೇಲೆ ಬಿಡಿಸಿಕೊಳ್ಳಬಹುದು.

ಜಗಳೂರು ತಾಲ್ಲೂಕಿನವರಿಗೆ ಇನ್ನೊಂದು ವಿಷಯ. ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅಥವಾ ಅದರ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಬಂದೂಕು ಪರವಾನಗಿದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಚಿತ್ರದುರ್ಗದ ಜೋಗಿಮಟ್ಟಿ ಸುತ್ತಿನವರಿಗೂ ಇದು ಅನ್ವಯ. ಬೆಳೆ ಕಾಯಲು ಬಂದೂಕಿನ ಪರವಾನಗಿ ಇದೆ ಎಂದ ಮಾತ್ರಕ್ಕೆ ಕಾಡುಹಂದಿ ಕೊಲ್ಲುವ ಅನುಮತಿ ಸಿಕ್ಕಂತಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯಡಿ ಬೇರೆಯೇ ಆದೇಶ ಬೇಕು.

ಪಟ್ಟಿ

ಕೊನೆಗೆ ಮಾವನ ಮಗ ಹಾಳೆ ಬದಲಿಸಿ ಹೊಸದಾಗಿ ಬರೆದ. 12 ಬೋರ್, 70 ಮಿ.ಮೀ., 4ನೇ ನಂಬರು: ಐದು. ಪಕ್ಕದಲ್ಲಿ, ಈ ಬಂದೂಕಿನದಲ್ಲ. 12 ಬೋರ್, 65 ಮಿ.ಮೀ., 6ನೇ ನಂಬರು: ನಾಲ್ಕು, ತೇವಕ್ಕೆ ಉಬ್ಬಿವೆ. 12 ಬೋರ್, 65 ಮಿ.ಮೀ., ಎಸ್.ಜಿ.: ಎರಡು. 20 ಬೋರ್: ಒಂದು.

"ಅಂದ್ರೆ ಹನ್ನೆರಡರಾಗೆ ಎರಡೇನಾ ಸರಿ ಇರಾವು?" ಎಂದರು ಅತ್ತೆ. ಹಳದಿಯದನ್ನು ಬೇರೆ ಪೊಟ್ಟಣ ಕಟ್ಟಿ, ಮೇಲೆ ದಪ್ಪಗೆ 20 ಎಂದು ಬರೆದು, ಉಳಿದವನ್ನು ಡಬ್ಬಿಗೆ ಹಾಕಿದೆವು. ಠಾಣೆಯಲ್ಲಿ ರಿಜಿಸ್ಟರು ಬರೆಯುತ್ತಿದ್ದವರು ಪೊಟ್ಟಣ ಬಿಚ್ಚಿ, ಹಳದಿ ತೋಟಾವನ್ನು ಕೆಂಪಿನ ಪಕ್ಕ ನಿಲ್ಲಿಸಿ ಒಂದು ಸಲ ನೋಡಿ, ಅದಕ್ಕೆ ಬೇರೆಯದೇ ಒಂದು ಸಾಲು ಎಳೆದರು.